ಮಗಳು ಪಿಎಚ್.ಡಿ. ಒಲ್ಲೆ ಎನ್ನುತ್ತಾಳೆ

ಮೂಡಿಗೆರೆಯ ಕಾಫಿ ಬೆಳೆಗಾರರೊಬ್ಬರ ಪತ್ರ: "ಮಗಳದು ಹಾಸನದಲ್ಲಿ ಎಂ.ಟೆಕ್. ಕೊನೆಯ ಸೆಮಿಸ್ಟರ್. ಪಿಎಚ್.ಡಿ. ಮಾಡಿ ಲೆಕ್ಚರರ್ ಆಗು ಎಂದರೆ ಒಲ್ಲೆ ಎನ್ನುತ್ತಾಳೆ, ಬೆಂಗಳೂರಿನ ಕಂಪನಿಯೇ ಬೇಕಂತೆ. ಇಷ್ಟು ಗೌರವದ ಕೆಲಸ ಈಗಿನವರಿಗೆ ಯಾಕೆ ಬೇಡ?"

ಮಾನ್ಯರೆ, ನಿಮ್ಮ ಮಗಳು ಲೆಕ್ಕ ಹಾಕಿಯೇ ಹೇಳುತ್ತಿರಬೇಕು. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯಾದ ಗೇಟ್‌ನ ಅಂಕದ ಮೇಲೆ ಎಂ.ಟೆಕ್. ಸೇರಿದವರಿಗೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ತಿಂಗಳಿಗೆ 12,400 ರೂಪಾಯಿ ಕೊಡುತ್ತದೆ. ಬರೀ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಬರೆದು ಬಂದವರಿಗೆ ಅದೂ ಇಲ್ಲ. 24ಕ್ಕೆ ಎಂ.ಟೆಕ್. ಮುಗಿದರೆ ಪಿಎಚ್.ಡಿ. ಕೈಗೆ ಬರುವಾಗ 29–30 ಆಗಿರುತ್ತದೆ. ಪಿಎಚ್.ಡಿ. ಮಾಡುವವರಿಗೆ ಕೇಂದ್ರ ಕೊಡುವ ಫೆಲೋಶಿಪ್ ಜೆಆರ್‌ಎಫ್ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಮೊತ್ತ ತೀರಾ ಕಡಿಮೆಯೇನಲ್ಲ. ಆದರೆ ಅದು ಗೈಡ್ (ಸಂಶೋಧನೆಯ ಮಾರ್ಗದರ್ಶಕರು) ತಂದ ಪ್ರಾಜೆಕ್ಟಿನ ದುಡ್ಡಾದರೆ, ಮೂರು ವರ್ಷಕ್ಕೆ ಪ್ರಾಜೆಕ್ಟ್ ಮುಗಿದಾಗ ಫೆಲೋಶಿಪ್ಪೂ ನಿಲ್ಲುತ್ತದೆ, ಥೀಸಿಸ್ ಅರ್ಧದಲ್ಲಿರುತ್ತದೆ. ನಡುವೆ ಕಂತು ತಡವಾಗುವುದೂ ಉಂಟು. ಕೊಯ್ಲಿನ ದುಡ್ಡಿನಲ್ಲಿ ವರ್ಷವಿಡೀ ತೂಗಿಸುವ ನಿಮಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಇನ್ನು ಲೆಕ್ಚರರ್ ಕೆಲಸ. ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಮೂಲ ವೇತನ 57,700ರಿಂದ ಶುರು. ಎಷ್ಟೋ ಖಾಸಗಿ ಕಾಲೇಜುಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಮಕ್ಕಳು ತಮ್ಮ ಮೇಡಂ ದಿನ ಕಳೆಯುವುದನ್ನು ಕಣ್ಣಾರೆ ನೋಡುತ್ತಾರೆ. ಇಂಟರ್ನಲ್ಸ್‌ನ ಒಂದೊಂದು ಪ್ರಶ್ನೆಗೂ ಸಿಓ (ಆ ಪ್ರಶ್ನೆ ಅಳೆಯುವ ಕಲಿಕೆಯ ಗುರಿ) ಸಂಖ್ಯೆ ಬರೆಯಬೇಕು, ಅರವತ್ತು ಜನರ ಅಂಕವನ್ನು ಪ್ರಶ್ನೆವಾರು ಎಕ್ಸೆಲ್‌ಗೆ ತುಂಬಬೇಕು, ಪ್ರಿಂಟ್ ತೆಗೆದು ಕೋರ್ಸಿಗೆ ಮಾನ್ಯತೆ ಕೊಡುವ ಎನ್‌ಬಿಎ ಮಂಡಳಿಗೆ ತೋರಿಸುವ ಫೈಲಿಗೆ ಸೇರಿಸಬೇಕು. ಸಂಶೋಧನೆಗೆ ಉಳಿಯುವುದು ಭಾನುವಾರ. ಪಾಠ ಹೇಳುವ ಆಸೆ ಇದ್ದವರೂ ಹಿಂದೆ ಸರಿಯುವುದು ಇದನ್ನು ನೋಡಿಯೇ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದು ನಮಗೆ ತುಂಬಾ ನೋವಿನ ಸಂಗತಿ. ಹಾಸನದಲ್ಲಿ 1960ರಲ್ಲಿ ಮಲೆನಾಡು ಇಂಜಿನಿಯರಿಂಗ್ ಕಾಲೇಜು ಶುರುವಾದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳ ಮೊದಲ ಇಂಜಿನಿಯರ್ ಊರ ಹತ್ತಿರವೇ ಓದಿದರು; ಅವರಿಗೆ ಕಲಿಸಲು ಒಳ್ಳೆಯ ಮೇಷ್ಟ್ರುಗಳಿದ್ದರು.

ಮಗಳನ್ನು ಒತ್ತಾಯಿಸಬೇಡಿ. ಅವಳಿಗೇ ಮನಸ್ಸಿದ್ದರೆ ಸೇರುವ ಮುನ್ನ ಗೈಡ್ ಹತ್ತಿರ ಕೇಳಲಿ: ಫೆಲೋಶಿಪ್ ಸಂಸ್ಥೆಯದೋ ಪ್ರಾಜೆಕ್ಟಿನದೋ, ಎಲ್ಲಿಯವರೆಗೆ? ಹಿಂದಿನವರು ಎಷ್ಟು ವರ್ಷಕ್ಕೆ ಮುಗಿಸಿದರು, ನಡುವೆ ಬಿಟ್ಟವರೆಷ್ಟು? ಈ ಎರಡನೆಯದನ್ನು ಅದೇ ಲ್ಯಾಬಿನ ನಾಲ್ಕನೇ ವರ್ಷದ ವಿದ್ಯಾರ್ಥಿಯ ಬಳಿಯೂ ಕೇಳಲಿ. ಕೆಲಸದ ಜೊತೆ ಪಾರ್ಟ್‌ಟೈಮ್ ಮಾಡಿದರೆ ಸಾಮಾನ್ಯವಾಗಿ ಫೆಲೋಶಿಪ್ ಇರುವುದಿಲ್ಲ.

ಒಂದು ವಿಷಯ ಮಾತ್ರ ತಡಮಾಡುವಂತಿಲ್ಲ. ಮುಂದೆ ಪಿಎಚ್.ಡಿ.ಗೆ ಮನಸ್ಸಾದರೆ ಕೆಲಸಕ್ಕೆ ಬರುವ ಗೇಟ್ ಅಂಕ 3 ವರ್ಷವಷ್ಟೇ ಚಾಲ್ತಿ, ಎಂ.ಟೆಕ್. ಸೇರಲು ಬರೆದದ್ದಾದರೆ ಎರಡು ವರ್ಷ ಆಗಲೇ ಕಳೆದಿದೆ. ಕಂಪನಿಗೆ ಹೋದರೂ ಮುಂದಿನ ಫೆಬ್ರವರಿಯಲ್ಲಿ ಇನ್ನೊಮ್ಮೆ ಬರೆದಿಡಲಿ, ಓದಿದ್ದು ತಲೆಯಲ್ಲಿರುವಾಗಲೇ.

— ಸಂಪಾದಕ