ಅಂಗಡಿಯಲ್ಲಿ ಬೂದು ಅಂತ ಆರಿಸಿದ ಪೇಂಟ್ ನಮ್ಮ ರೂಮಿನ ಗೋಡೆ ಮೇಲೆ ನೀಲಿಯಾಗಿ ಕಾಣೋದು ಯಾಕೆ?

ಕೂಲ್ ಗ್ರೇ, ಅಂದರೆ ತಂಪು ಛಾಯೆಯ ಬೂದು ಪೇಂಟಿನೊಳಗೇ ಚೂರು ನೀಲಿ ಬೆರೆತಿರುತ್ತದೆ. ನಿಮ್ಮ ರೂಮಿಗೆ ಬರುವ ಬೆಳಕು ಅದನ್ನು ಎತ್ತಿ ತೋರಿಸುತ್ತಿದೆ, ಅಷ್ಟೇ.

ಕಿಟಕಿ ಉತ್ತರಕ್ಕಿದೆಯಾ ನೋಡಿ. ಆ ಕಡೆಯಿಂದ ನೇರ ಬಿಸಿಲು ಬರುವುದು ಕಡಿಮೆ, ಹೆಚ್ಚಾಗಿ ಆಕಾಶದ ಬೆಳಕೇ ಬರುತ್ತದೆ. ಅದು ನೀಲಿ ಛಾಯೆಯದು. ಬಿಸಿಲಿನಲ್ಲಿ ಹಳದಿ, ಕೆಂಪು ಜಾಸ್ತಿ ಇರುವುದರಿಂದ ಪೇಂಟಿನ ನೀಲಿ ಅಡಗುತ್ತದೆ. ಇಲ್ಲಿ ಅಡಗಿಸುವವರೇ ಇಲ್ಲ. ಸಾಲದ್ದಕ್ಕೆ ನಾಲ್ಕೂ ಗೋಡೆಗೆ ಅದೇ ಬಣ್ಣ ಬಳಿದರೆ ಒಂದರ ಬೆಳಕು ಇನ್ನೊಂದಕ್ಕೆ ಬಡಿದು ನೀಲಿ ಇನ್ನಷ್ಟು ಗಾಢವಾಗುತ್ತದೆ. ಅಂಗಡಿಯ ಶೇಡ್ ಕಾರ್ಡಿನ ಪುಟ್ಟ ಚೌಕದಲ್ಲಿ ಇದು ಗೊತ್ತಾಗೋದೇ ಇಲ್ಲ.

ಪಕ್ಕದಲ್ಲೇನಿದೆ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ನಮ್ಮ ಮನೆಯ ತೇಗದ ಬಾಗಿಲಿನ ಅಂಚಿನಲ್ಲಿ ಗೋಡೆ ನೀಲಿ, ಬಿಳಿ ಸ್ವಿಚ್‌ಬೋರ್ಡ್ ಪಕ್ಕ ಅದೇ ಗೋಡೆ ಬರೀ ಬೂದು! ಕಿತ್ತಳೆ ಛಾಯೆಯ ಮರದ ಪಕ್ಕ ಕಣ್ಣು ಬೂದನ್ನು ನೀಲಿಯ ಕಡೆಗೆ ಎಳೆದು ನೋಡುತ್ತದೆ.

ಸುಮ್ನೆ ಮತ್ತೆ ಪೇಂಟ್ ಮಾಡಿಸಬೇಡಿ. ಮೊದಲು ಬಲ್ಬ್ ಬದಲಿಸಿ: 6500 ಕೆಲ್ವಿನ್‌ನ (ಬಲ್ಬಿನ ಬೆಳಕಿನ ಬಣ್ಣದ ಅಳತೆ) ಬೆಳ್ಳನೆಯದು ತೆಗೆದು 3000 ಕೆಲ್ವಿನ್‌ನ ಬೆಚ್ಚನೆಯದು ಹಾಕಿ. ರಾತ್ರಿಯ ನೀಲಿ ಬಹುಪಾಲು ಹೋಗುತ್ತದೆ. ಹಗಲಿನಲ್ಲೂ ಬೇಡ ಅನ್ನಿಸಿದರೆ ಚೂರು ಕಂದು ಬೆರೆತ ಬೂದು ಆರಿಸಿ. ಆದರೆ ಈ ಸಲ ದೊಡ್ಡ ರಟ್ಟಿಗೆ ಎರಡು ಕೋಟ್ ಹಚ್ಚಿ, ಎರಡು ದಿನ ಅದೇ ರೂಮಿನಲ್ಲಿಟ್ಟು ನೋಡಿ.