ಕಟಕಟೆಯಲ್ಲಿ ಆಮಿಶ್ ಹುಡುಗಿ

“ಕರೆಂಟು, ಕಾರು ಬೇಡವೆಂದು ಹಳೆಯ ರೀತಿಯಲ್ಲಿ ಬದುಕುವ ಅಮೆರಿಕದ ಕ್ರೈಸ್ತ ಪಂಗಡವಾದ ಆಮಿಶರ ಊರಿನ ಕೊಲೆ ಕೇಸಿನ ಬಗ್ಗೆ ಬರೆದ ನನ್ನ ಕಾದಂಬರಿಯ ಮೂರು ಅಧ್ಯಾಯಗಳನ್ನು ವಾಪಸ್ ಕಳಿಸಿದಿರಿ. ಲಾಟೀನು, ಕುದುರೆಗಾಡಿ ಎಲ್ಲವೂ ಇತ್ತಲ್ಲ, ಎಲ್ಲಿ ತಪ್ಪಿದೆ?” ಎಂದು ಕೇಳಿದ್ದೀರಿ.

ಮಾನ್ಯರೇ, ಗಾಡಿಯಲ್ಲಿ ತಪ್ಪಿಲ್ಲ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯ ಗಾಡಿ ಬೂದು ಬಣ್ಣದ್ದೆಂದು ಸರಿಯಾಗಿಯೇ ಬರೆದಿದ್ದೀರಿ. ಅದಕ್ಕೆ ಕಪ್ಪು ಬಳಿಯುವ ಲೇಖಕರೇ ಹೆಚ್ಚು! ನೀವು ಎಡವಿದ್ದು ಕೋರ್ಟಿನ ಮೆಟ್ಟಿಲ ಮೇಲೆ.

ನಿಮ್ಮ ನಾಯಕಿ ಬೈಬಲ್ ಮುಟ್ಟಿ ಆಣೆ ಮಾಡುತ್ತಾಳೆ. ಆಮಿಶರು ಆಣೆ ಇಡುವವರಲ್ಲ. ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯ ಅದನ್ನು ಬೇಡವೆನ್ನುತ್ತದೆ. ಆಣೆಯ ಬದಲು ‘ಸತ್ಯ ಹೇಳುತ್ತೇನೆ’ ಎಂದು ದೃಢೀಕರಿಸಿದರೆ ಕೋರ್ಟಿಗೆ ಸಾಕು. ಸುಳ್ಳು ಹೇಳಿದರೆ ಶಿಕ್ಷೆ ಮಾತ್ರ ಆಣೆ ಮಾಡಿದವರಿಗೂ ದೃಢೀಕರಿಸಿದವರಿಗೂ ಒಂದೇ. ನಮ್ಮ 1969ರ ಪ್ರಮಾಣಗಳ ಕಾಯ್ದೆಯಲ್ಲೂ ಈ ದಾರಿ ಇದೆ.

ಇನ್ನು ಜಾಮೀನು. ಮೊದಲ ದರ್ಜೆಯ, ಅಂದರೆ ಯೋಚಿಸಿ ಬೇಕೆಂದೇ ಮಾಡಿದ ಕೊಲೆಯ ಆರೋಪದಲ್ಲಿ ಬಂಧನವಾದವಳು ಮರುದಿನ ಬೆಳಗ್ಗೆ ಮನೆಯಲ್ಲಿ ಹಾಲು ಕರೆಯುತ್ತಿದ್ದಾಳೆ! ಗರಿಷ್ಠ ಶಿಕ್ಷೆ ಮರಣದಂಡನೆ ಅಥವಾ ಜೀವಾವಧಿಯಾಗಿರುವ ಅಪರಾಧಕ್ಕೆ ಪೆನ್ಸಿಲ್ವೇನಿಯಾ ಸಂವಿಧಾನದಲ್ಲಿ ಜಾಮೀನಿಲ್ಲ. ಹಟ್ಟಿಯ ದೃಶ್ಯ ಬೇಕೇ ಬೇಕೆಂದರೆ ಆರೋಪವನ್ನು ಮೂರನೇ ದರ್ಜೆಗೆ ಇಳಿಸಿ. ಅದರ ಗರಿಷ್ಠ ಶಿಕ್ಷೆ 40 ವರ್ಷ. ನನ್ನನ್ನು ಕೇಳಿದರೆ ಅವಳನ್ನು ಜೈಲಿನಲ್ಲೇ ಬಿಡಿ. ರಾತ್ರಿಯಿಡೀ ಆರದ ಕರೆಂಟಿನ ದೀಪದ ಕೆಳಗೆ ಆ ಹುಡುಗಿ ಹೇಗೆ ಮಲಗುತ್ತಾಳೆ, ಅದನ್ನು ಬರೆಯಿರಿ.

ಕಾದಂಬರಿ ನಿಜವಾಗಿ ಕುಸಿಯುವುದು ಮೂರನೇ ಅಧ್ಯಾಯದಲ್ಲಿ. ಚರ್ಚಿನವರ ಮುಂದೆ ಅವಳು ಮಂಡಿಯೂರಿ ತಪ್ಪೊಪ್ಪಿಕೊಂಡದ್ದನ್ನು ಬಿಷಪ್ ಕೋರ್ಟಿನಲ್ಲಿ ಹೇಳುತ್ತಾರೆ, ನಿಮ್ಮ ವಕೀಲರು ಸುಮ್ಮನೆ ಕೂರುತ್ತಾರೆ. ಮೊದಲನೆಯದಾಗಿ, ಅವಳಿಗೆ 16 ವರ್ಷ, ದೀಕ್ಷಾಸ್ನಾನ ಆಗಿಲ್ಲ. ಆ ವಿಚಾರಣೆ, ಬಹಿಷ್ಕಾರ ಎಲ್ಲ ದೀಕ್ಷೆ ಪಡೆದ ಸದಸ್ಯರಿಗೆ ಮಾತ್ರ. ವಯಸ್ಸು 20 ಮಾಡಿ. ಎರಡನೆಯದಾಗಿ, ಬಿಷಪ್ಪರ ಕಿವಿಯಲ್ಲಷ್ಟೇ ಗುಟ್ಟಾಗಿ ಹೇಳಿದ್ದರೆ ಕಾನೂನಿನ ರಕ್ಷಣೆ ಕೇಳಬಹುದಿತ್ತು. ಇಡೀ ಸಭೆಯ ಮುಂದೆ ಆಡಿದ ಮಾತಿಗೆ ಆ ರಕ್ಷಣೆ ದಕ್ಕುವುದು ಕಷ್ಟ. ಹಾಗಾಗಿ ವಕೀಲರು ಪಾಟೀಸವಾಲಿಗೆ ಏಳಲೇಬೇಕು: ‘ಅವಳು ಒಪ್ಪಿಕೊಂಡದ್ದು ಯಾವುದನ್ನು?’

ಚರ್ಚಿನಲ್ಲಿ ವಾದಕ್ಕೆ ನಿಲ್ಲುವುದೇ ಅಹಂಕಾರ, ತಲೆಬಾಗುವುದೇ ಧರ್ಮ. ಮದುವೆಗೆ ಮುಂಚಿನ ಸಂಬಂಧಕ್ಕೂ ಮಂಡಿಯೂರಬಹುದು. ಮನೆಯಲ್ಲಿ ಆಡುವುದು ಪೆನ್ಸಿಲ್ವೇನಿಯಾ ಡಚ್, ಅಂದರೆ ಜರ್ಮನ್ನಿನ ಒಂದು ಉಪಭಾಷೆ. ಜರ್ಮನ್ನಿನ ‘ಶುಲ್ಡ್’ ಎಂಬ ಒಂದೇ ಪದ ತಪ್ಪೂ ಹೌದು, ಹೊಣೆಯೂ ಹೌದು, ಸಾಲವೂ ಹೌದು. ಅವಳು ‘ತಪ್ಪು ನನ್ನದು’ ಎಂದದ್ದು 12 ಮಂದಿ ಜ್ಯೂರಿಗೆ ಇಂಗ್ಲಿಷಿನಲ್ಲಿ ‘ನಾನು ಅಪರಾಧಿ’ ಎಂದು ತಲುಪಿದರೆ? ಕನ್ನಡದಲ್ಲಿ ಬರೆಯುವ ನಿಮಗೆ ತಪ್ಪು, ಅಪರಾಧ ಎಂಬ ಎರಡು ಪದಗಳು ಕೈಯಲ್ಲೇ ಇವೆ. ನಿಮ್ಮ ಕೇಸು ನಿಂತಿರುವುದೇ ಅವುಗಳ ನಡುವಿನ ಸಂದಿನಲ್ಲಿ.

ಆಮಿಶರು ಕೋರ್ಟಿನತ್ತ ತಲೆಯೇ ಹಾಕುವುದಿಲ್ಲ ಎಂಬ ಸಾಲನ್ನೂ ತೆಗೆಯಿರಿ. ದಾವೆ ಹೂಡುವುದಕ್ಕೆ ಹಿಂಜರಿಯುತ್ತಾರೆ, ನಿಜ. ಆದರೆ 2011ರಲ್ಲಿ ಒಹಾಯೋದಲ್ಲಿ ಒಂದು ಗುಂಪು ಬೇರೆ ಆಮಿಶರ ಗಡ್ಡ ಕತ್ತರಿಸಿದ ಪ್ರಕರಣದಲ್ಲಿ ಆಮಿಶರೇ ಸಾಕ್ಷಿ ನುಡಿದರು.

ತಿದ್ದಿ ಕಳಿಸುವಾಗ ವಯಸ್ಸನ್ನು ಎಲ್ಲ ಕಡೆಯೂ ಬದಲಿಸಿ. ಮೊದಲ ಅಧ್ಯಾಯದಲ್ಲೇ ಎರಡು ಬಾರಿ ಬಂದಿದೆ.

— ಸಂ.