ರೆಸ್‌ಟೈಪ್ ಬರೆಯದೆ ಪೈಥಾನನ್ನು ಬೈಯಬೇಡಿ

ಮಾರಾಯ್ರೆ, ಪೈಥಾನ್ ಹಾಳು ಅಂತ ಪೋಸ್ಟ್ ಹಾಕಿದ್ದೀರಲ್ಲ, ಅದನ್ನು ಸ್ವಲ್ಪ ನಿಲ್ಲಿಸಿ. ಅಡಿಕೆ ಲೆಕ್ಕದ ಸಿ++ ಲೈಬ್ರರಿಯನ್ನು ಸಿಟೈಪ್ಸ್‌ನಿಂದ (ಪೈಥಾನಿನಿಂದ ಸಿ ಫಂಕ್ಷನ್ ಕರೆಯುವ ಮಾಡ್ಯೂಲ್) ಕರೆದಿದ್ದೀರಿ. ಮನೆಯ ಹಳೇ 32 ಬಿಟ್ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಬದಿಯಡ್ಕದ ಅಂಗಡಿಯ 64 ಬಿಟ್ ಮೆಷಿನ್‌ನಲ್ಲಿ ಸೆಗ್‌ಫಾಲ್ಟ್, ಅಂದರೆ ತಪ್ಪು ಮೆಮೊರಿ ಮುಟ್ಟಿ ಕ್ರ್ಯಾಶ್. ನೀವು ಹಾಕಿದ ಕೋಡಿನಲ್ಲಿ ರೆಸ್‌ಟೈಪ್, ಅಂದರೆ ಫಂಕ್ಷನ್ ಏನು ವಾಪಸ್ ಕೊಡುತ್ತದೆ ಎಂದು ಹೇಳುವ ಸಾಲು, ಎಲ್ಲೂ ಇಲ್ಲ. ನಾನೂ ಅಲ್ಲೇ ಬಿದ್ದವನು, ಅದಕ್ಕೇ ಇಷ್ಟುದ್ದ ಬರೆಯುವುದು.

ಏನೂ ಹೇಳದಿದ್ದರೆ ಸಿಟೈಪ್ಸ್ ವಾಪಸ್ ಬಂದದ್ದನ್ನು ಇಂಟ್ ಅಂತಲೇ ಹಿಡಿಯುತ್ತದೆ. 64 ಬಿಟ್‌ನಲ್ಲಿ ಪಾಯಿಂಟರ್ (ಮೆಮೊರಿಯ ವಿಳಾಸ) 8 ಬೈಟ್, ಇಂಟ್ 4. ಅರ್ಧ ವಿಳಾಸ ಹೋಯಿತು. 32 ಬಿಟ್‌ನಲ್ಲಿ ಎರಡೂ 4, ಹಾಗಾಗಿ ಬಚಾವ್. ರೆಸ್‌ಟೈಪ್‌ಗೆ ಸಿ_ವಾಯ್ಡ್_ಪಿ (ವಾಯ್ಡ್ ಪಾಯಿಂಟರ್) ಹಾಕಿದ ಕೂಡಲೇ ಮುಗಿಯಿತು ಅಂತಲ್ಲ. ವಿಳಾಸ ಈಗ ಬರೀ ಒಂದು ಸಂಖ್ಯೆಯಾಗಿ ಪೈಥಾನಿಗೆ ಬರುತ್ತದೆ. ಆರ್ಗ್‌ಟೈಪ್ಸ್ (ಫಂಕ್ಷನ್‌ಗೆ ಕೊಡುವವುಗಳ ಟೈಪ್) ಬರೆಯದ ಫಂಕ್ಷನ್‌ಗೆ ಅದನ್ನು ಕೊಟ್ಟರೆ ಹೋಗುವಾಗ ಮತ್ತೆ ಕತ್ತರಿ. ಎರಡನ್ನೂ ಬರೆಯಿರಿ, ಪ್ರತಿ ಫಂಕ್ಷನ್‌ಗೂ.

ಲೈಬ್ರರಿ ಮಲಾಕ್ ಮಾಡಿದ (ತಾನೇ ಮೆಮೊರಿ ತೆಗೆದುಕೊಂಡು ಬರೆದ) ಸ್ಟ್ರಿಂಗ್ ವಾಪಸ್ ಕೊಡುವಲ್ಲಿ ರೆಸ್‌ಟೈಪ್‌ಗೆ ಸಿ_ಚಾರ್_ಪಿ ಬೇಡ. ಅದು ತಾನೇ ಬೈಟ್ಸ್ ಮಾಡಿ ಕೊಡುತ್ತದೆ, ಮೂಲ ಪಾಯಿಂಟರ್ ಕೈತಪ್ಪುತ್ತದೆ. ಆಮೇಲೆ ಫ್ರೀ ಮಾಡುವುದು (ಮೆಮೊರಿ ಬಿಟ್ಟುಕೊಡುವುದು) ಯಾವುದನ್ನು? ವಾಯ್ಡ್ ಪಾಯಿಂಟರ್ ತೆಗೆದುಕೊಂಡು ಸಿಟೈಪ್ಸ್‌ನ ಸ್ಟ್ರಿಂಗ್_ಅಟ್‌ನಿಂದ ಓದಿ, ಲೈಬ್ರರಿಯದೇ ಫ್ರೀ ಫಂಕ್ಷನ್ ಕರೆಯಿರಿ. ವಿಂಡೋಸ್‌ನಲ್ಲಿ ಡಿಎಲ್‌ಎಲ್‌ನ (ಲೈಬ್ರರಿ ಫೈಲಿನ) ಸಿ ರನ್‌ಟೈಮ್ ಬೇರೆಯೇ ಇರಬಹುದು, ಸಿಕ್ಕಿದ ಫ್ರೀ ಕರೆದರೆ ಆಗುವುದಿಲ್ಲ.

ನಾನು ಯಾವಾಗಲೂ ಸಿ++ ಮೇಲೆ ಎಕ್ಸ್‌ಟರ್ನ್ ಸಿ (ಫಂಕ್ಷನ್ ಹೆಸರನ್ನು ಸಿ ರೀತಿಯಲ್ಲೇ ಇಡುವ ಸೂಚನೆ) ಹಾಕಿ ಒಂದು ಸಣ್ಣ ಫೈಲ್ ಬರೆಯುತ್ತೇನೆ. ತೆರೆ, ಸೇರಿಸು, ಓದು, ಮುಚ್ಚು, ಅಷ್ಟೇ. ವೆಕ್ಟರ್‌ನಂಥ ಸಿ++ ಟೈಪ್ ಹೊರಗೆ ಬರಬಾರದು. ಎಕ್ಸೆಪ್ಶನ್ ಒಳಗೇ ಹಿಡಿದು ಎರರ್ ನಂಬರ್ ಕೊಡಿ. ಸಿ++ ಅನ್ನು ಪೈಥಾನಿಗೆ ಜೋಡಿಸುವ ಪೈಬೈಂಡ್11 ಒಳ್ಳೆಯದೇ, ಬರೆಯುವ ಕೆಲಸವೂ ಕಮ್ಮಿ. ಆದರೆ ಅದು ಪೈಥಾನಿಗೆ ಮಾತ್ರ. ನಾಳೆ ಅಂಗಡಿಯವರು ಮೊಬೈಲ್ ಆ್ಯಪ್ ಕೇಳಿದರೆ? ಸಿ ಫೈಲ್ ಇದ್ದರೆ ರಸ್ಟ್, ಗೋ ಎಲ್ಲದಕ್ಕೂ ಆಯಿತು. ಜಾವಾಗೆ ಮಾತ್ರ ಜೆಎನ್‌ಐಯ (ಜಾವಾದಿಂದ ಸಿ ಕರೆಯುವ ದಾರಿ) ರಗಳೆ ಜಾಸ್ತಿ. ಜೋಡಿಸುವ ಕೋಡನ್ನು ತಾನೇ ಬರೆದುಕೊಡುವ ಸ್ವಿಗ್ ಬೇಡವೇ ಬೇಡ, ಅದು ಬರೆದುಕೊಟ್ಟ ಕೋಡನ್ನು ಓದುವವರು ಯಾರು!

ಮತ್ತೆ, ಊರಿನ ಹೆಸರಿಗೆ ಚಾರ್ 20 (20 ಬೈಟ್ ಜಾಗ) ಇಟ್ಟಿದ್ದೀರಲ್ಲ, ಏನು ಲೆಕ್ಕ ಅದು? ಯುಟಿಎಫ್-8ರಲ್ಲಿ ಕನ್ನಡವಾಗಲಿ ಮಲಯಾಳವಾಗಲಿ, ಒತ್ತು, ಗುಣಿತ ಎಲ್ಲ ಸೇರಿ ಒಂದೊಂದು ಕೋಡ್‌ಗೂ 3 ಬೈಟ್. 'ಮಂಜೇಶ್ವರ' ಅಂದರೆ 24 ಬೈಟ್, ಸ್ಟ್ರಿಂಗ್ ಮುಗಿಯಿತು ಅನ್ನುವ ಕೊನೆಯ ಸೊನ್ನೆ ಸೇರಿ 25. 'ಪೆರ್ಲ' ಹಾಕಿ ಟೆಸ್ಟ್ ಮಾಡಿದರೆ ಸುಮ್ನೆ ಪಾಸಾಗುತ್ತದೆ. ಉದ್ದ ಅಳೆಯುವುದು ಎನ್‌ಕೋಡ್ ಆದ ಮೇಲೆ, ಮೊದಲಲ್ಲ.

ಕಾಲ್‌ಬ್ಯಾಕ್ (ಲೈಬ್ರರಿ ವಾಪಸ್ ಕರೆಯುವ ಪೈಥಾನ್ ಫಂಕ್ಷನ್) ಕೊಡುವುದಿದ್ದರೆ ಅದನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟುಕೊಳ್ಳಿ. ಇಲ್ಲದಿದ್ದರೆ ಬಳಕೆಯಲ್ಲಿಲ್ಲ ಅಂತ ಪೈಥಾನಿನ ಗಾರ್ಬೇಜ್ ಕಲೆಕ್ಟರ್ ಒಯ್ಯುತ್ತದೆ. ಇಷ್ಟು ಮಾಡಿಯೂ ಕ್ರ್ಯಾಶ್ ಆದರೆ ಹೆಡರ್ ಫೈಲ್ ಇಲ್ಲಿ ಹಾಕಿ, ನೋಡುವ. ಸ್ಕ್ರೀನ್‌ಶಾಟ್ ಬೇಡ.